ಬಯಲಾದದ್ದು ಒಳ್ಳೆಯದು, ಬಯಲು ಮಾಡಿದವನು ಅಪರಾಧಿ: ಸ್ನೋಡೆನ್ ಬಗ್ಗೆ ಅಮೆರಿಕಕ್ಕೆ ಎರಡು ಮನಸ್ಸು ಏಕೆ?

ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಹುದ್ದೆಗೆ ಹೆಸರಿಸಲ್ಪಟ್ಟಿದ್ದ ತುಳಸಿ ಗಬ್ಬಾರ್ಡ್ 2025ರ ಜನವರಿ 30ರಂದು ಅಮೆರಿಕದ ಸೆನೆಟ್‌ನ ಗುಪ್ತಚರ ಸಮಿತಿಯ ಮುಂದೆ ಹಾಜರಾದಾಗ, ಅವರಿಗೆ ಮತ್ತೆ ಮತ್ತೆ ಎದುರಾದದ್ದು ಒಂದೇ ಸಾಲಿನ ಪ್ರಶ್ನೆ: ಅಮೆರಿಕದ ರಹಸ್ಯ ಕಣ್ಗಾವಲಿನ ದಾಖಲೆಗಳನ್ನು 2013ರಲ್ಲಿ ಪತ್ರಕರ್ತರಿಗೆ ಒಪ್ಪಿಸಿದ ಎಡ್ವರ್ಡ್ ಸ್ನೋಡೆನ್ ದೇಶದ್ರೋಹಿ ಹೌದೋ, ಅಲ್ಲವೋ? ಡೆಮಾಕ್ರಾಟ್ ಸದಸ್ಯರು ಕೇಳಿದರು, ರಿಪಬ್ಲಿಕನ್ ಸದಸ್ಯರೂ ಕೇಳಿದರು. ಆತ ಕಾನೂನು ಮುರಿದದ್ದು ನಿಜ, ಆತ ಹೊರಗೆಡವಿದ ಕಾರ್ಯಕ್ರಮಗಳು ಸಂವಿಧಾನಬಾಹಿರವಾಗಿದ್ದುದೂ ನಿಜ ಎಂಬಲ್ಲಿಗೆ ಗಬ್ಬಾರ್ಡ್ ಪ್ರತಿ ಸಲವೂ ನಿಂತರು. 'ದ್ರೋಹಿ' ಎಂಬ ಪದವನ್ನು ಅವರ ಬಾಯಿಂದ ಹೊರಡಿಸಲು ಯಾರಿಗೂ ಆಗಲಿಲ್ಲ. ಎರಡು ವಾರದ ಬಳಿಕ 52–48 ಮತಗಳಿಂದ ಅವರ ನೇಮಕಕ್ಕೆ ಒಪ್ಪಿಗೆ ದೊರೆಯಿತು. ಇದೇ ಗಬ್ಬಾರ್ಡ್ 2020ರಲ್ಲಿ ಜನಪ್ರತಿನಿಧಿ ಸಭೆಯ ಸದಸ್ಯೆಯಾಗಿ, ಆಗ ಡೆಮಾಕ್ರಾಟ್ ಪಕ್ಷದಲ್ಲಿದ್ದುಕೊಂಡೇ, ಸ್ನೋಡೆನ್ ಮೇಲಿನ ಆರೋಪಗಳನ್ನು ಕೈಬಿಡಬೇಕೆಂಬ ನಿರ್ಣಯ ಮಂಡಿಸಿದವರಲ್ಲಿ ಒಬ್ಬರಾಗಿದ್ದರು.

ದೂರದಿಂದ ಓದುವವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಆತ ಬಯಲು ಮಾಡಿದ ಒಂದು ಕಾರ್ಯಕ್ರಮವನ್ನು ಅಮೆರಿಕದ ನ್ಯಾಯಾಲಯಗಳೇ ಅಕ್ರಮವೆಂದವು, ಸಂಸತ್ತು ಅದಕ್ಕಾಗಿ ಕಾನೂನು ತಿದ್ದಿತು. ಹಾಗಿದ್ದೂ ಬಯಲು ಮಾಡಿದವನು ಆರೋಪಿಯಾಗಿ ಮಾಸ್ಕೋದಲ್ಲೇ ಉಳಿದಿದ್ದಾನೆ. ಒಂದು ಕಾಲಕ್ಕೆ ಅವನನ್ನು ದ್ರೋಹಿ ಎಂದು ಜರೆದಿದ್ದ ಡೊನಾಲ್ಡ್ ಟ್ರಂಪ್ 2020ರ ಆಗಸ್ಟ್‌ನಲ್ಲಿ ಕ್ಷಮಾದಾನದ ಬಗ್ಗೆ ಯೋಚಿಸುವುದಾಗಿ ಹೇಳಿದ್ದರು. ಜನರ ಅಭಿಪ್ರಾಯವೂ ನೇರವಾಗಿಲ್ಲ. ಇದನ್ನೆಲ್ಲ ಜನರ ಚಂಚಲತೆ ಎಂದು ತಳ್ಳಿಹಾಕುವವರಿದ್ದಾರೆ. ಅದು ಅವಸರದ ತೀರ್ಮಾನ. ಅಮೆರಿಕದ ಕಾನೂನು ಒಂದಕ್ಕೊಂದು ಅಂಟಿದ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ಬೀಗ ಹಾಕಿದೆ, ಜನರ ಎರಡು ಮನಸ್ಸು ಹುಟ್ಟುವುದು ಅಲ್ಲಿ.

ಬಯಲಾದದ್ದು ಏನು?

ಸ್ನೋಡೆನ್ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ, ಅಂದರೆ ಎನ್‌ಎಸ್‌ಎಯ, ನೇರ ನೌಕರನಾಗಿರಲಿಲ್ಲ. ಬೂಜ್ ಅಲೆನ್ ಹ್ಯಾಮಿಲ್ಟನ್ ಎಂಬ ಖಾಸಗಿ ಗುತ್ತಿಗೆ ಕಂಪನಿಯ ಪರವಾಗಿ ಹವಾಯಿಯಲ್ಲಿ ಎನ್‌ಎಸ್‌ಎಯ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ 29 ವರ್ಷದ ಯುವಕ. 2013ರ ಮೇ ತಿಂಗಳಲ್ಲಿ ಆತ ಹಾಂಗ್‌ಕಾಂಗ್‌ಗೆ ಹೋಗಿ, ಅಲ್ಲಿನ ಹೋಟೆಲ್ ಕೋಣೆಯೊಂದರಲ್ಲಿ ಪತ್ರಕರ್ತರಿಗೆ ರಹಸ್ಯ ದಾಖಲೆಗಳನ್ನು ಒಪ್ಪಿಸಿದ. ಜೂನ್ 5ರಂದು ಮೊದಲ ವರದಿ ಬಂತು. ವೆರಿಝೋನ್ ಕಂಪನಿ ತನ್ನ ಗ್ರಾಹಕರ ಕರೆಗಳ ವಿವರವನ್ನೆಲ್ಲ ದಿನದಿನವೂ ಎನ್‌ಎಸ್‌ಎಗೆ ಒಪ್ಪಿಸಬೇಕು ಎಂದು ಗುಪ್ತ ನ್ಯಾಯಾಲಯವೊಂದು ಹೊರಡಿಸಿದ ಆದೇಶದ ಪ್ರತಿ ಅದು. ಯಾರ ಮೇಲೂ ಅನುಮಾನವಿರಬೇಕಾಗಿರಲಿಲ್ಲ, ಎಲ್ಲರ ಕರೆಯ ವಿವರವೂ ಬೇಕಿತ್ತು.

"ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಬರೀ ಸಂಖ್ಯೆ ಮತ್ತು ಸಮಯ ದಾಖಲಾಗುತ್ತದೆ" ಎಂಬುದು ಸರ್ಕಾರದ ಸಮಜಾಯಿಷಿಯಾಗಿತ್ತು. ಈ ಮಾತಿನ ತೂಕ ಅಳೆಯಲು ನಮ್ಮದೇ ಊರಿನ ಚಿತ್ರವೊಂದನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ವ್ಯಕ್ತಿಯ ಫೋನಿನಿಂದ ಬೆಳಿಗ್ಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹನ್ನೆರಡು ನಿಮಿಷದ ಕರೆ ಹೋಗಿದೆ. ಮಧ್ಯಾಹ್ನ ಎಲ್‌ಐಸಿ ಏಜೆಂಟರಿಗೆ ಒಂದು, ಸಂಜೆ ವಕೀಲರಿಗೆ ಒಂದು. ರಾತ್ರಿ ಹನ್ನೊಂದಕ್ಕೆ ಊರಿನಲ್ಲಿರುವ ಅಕ್ಕನಿಗೆ ಮಾಡಿದ ಕರೆ ಒಂದು ಗಂಟೆ ನಡೆದಿದೆ. ಒಂದಕ್ಷರವನ್ನೂ ಕೇಳಿಸಿಕೊಳ್ಳದೆ ಆ ಮನೆಯಲ್ಲಿ ಏನಾಗಿದೆಯೆಂದು ಯಾರು ಬೇಕಾದರೂ ಹೇಳಬಹುದು.

ಇದಲ್ಲದೆ, ಅನುಮಾನಿತನೊಬ್ಬನ ಸಂಖ್ಯೆಯಿಂದ ಹೊರಟು ಮೂರು ಮೆಟ್ಟಿಲು ದೂರದವರೆಗೆ ಸಂಪರ್ಕ ಜಾಲಾಡಲು ಎನ್‌ಎಸ್‌ಎಗೆ ಅವಕಾಶವಿತ್ತು. ಒಬ್ಬೊಬ್ಬರಿಗೆ 40 ಸಂಪರ್ಕವೆಂದು ಹಿಡಿದರೂ ಮೂರನೆಯ ಮೆಟ್ಟಿಲಿಗೆ 64,000 ಜನರಾಗುತ್ತಾರೆ. ಹುಡುಕಾಟಕ್ಕೆ ಬಳಸಿದ ಮೂಲ ಸಂಖ್ಯೆಗಳು 2012ರಲ್ಲಿ 300ಕ್ಕಿಂತ ಕಡಿಮೆ ಎಂದು ಸರ್ಕಾರ ಹೇಳಿಕೊಂಡಿತು. ಗುಣಿಸಿ ನೋಡಿದವರಿಗೆ ಅದರಿಂದ ಸಮಾಧಾನವಾಗಲಿಲ್ಲ.

ಎರಡನೆಯದು ಪ್ರಿಸಮ್. ಗೂಗಲ್, ಫೇಸ್‌ಬುಕ್, ಮೈಕ್ರೊಸಾಫ್ಟ್, ಆ್ಯಪಲ್ ಮೊದಲಾದ ಒಂಬತ್ತು ಸೇವೆಗಳಿಂದ ವಿದೇಶಿಯರ ಸಂದೇಶಗಳನ್ನು ಪಡೆಯುವ ಏರ್ಪಾಡು ಇದು. ಇದಕ್ಕೆ 2008ರ ಕಾನೂನಿನ 702ನೇ ಸೆಕ್ಷನ್ನಿನ ಆಸರೆಯಿತ್ತು. ಅಮೆರಿಕನ್ನರ ಪ್ರತಿಭಟನೆ ಹೆಚ್ಚಾಗಿ ಮೊದಲನೆಯದರ ಮೇಲಿತ್ತು, ಏಕೆಂದರೆ ಅದು ಅವರ ಮನೆಯ ಫೋನು. ಉಳಿದ ಜಗತ್ತಿಗೆ ತಟ್ಟಿದ್ದು ಇಂಥ ವಿದೇಶಿ ಕಣ್ಗಾವಲು. ಎನ್‌ಎಸ್‌ಎಯ ಒಳಗಿನ ಒಂದು ಲೆಕ್ಕಪಟ್ಟಿಯ ಪ್ರಕಾರ 2013ರ ಮಾರ್ಚ್ ತಿಂಗಳೊಂದರಲ್ಲೇ ಭಾರತದಿಂದ ಸುಮಾರು 630 ಕೋಟಿ ಮಾಹಿತಿ ತುಣುಕುಗಳು ಸಂಗ್ರಹವಾಗಿದ್ದವು. ಇರಾನ್, ಪಾಕಿಸ್ತಾನ, ಜೋರ್ಡಾನ್, ಈಜಿಪ್ಟ್ ನಂತರದ ಐದನೆಯ ಸ್ಥಾನ ನಮ್ಮದು.

ಎರಡು ಪ್ರಶ್ನೆ, ಎರಡು ಉತ್ತರ

ಜನ ಇದನ್ನು ಹೇಗೆ ತೆಗೆದುಕೊಂಡರು? ಪ್ಯೂ ಸಂಶೋಧನಾ ಕೇಂದ್ರ ಮೊದಲ ವರದಿಯ ಒಂದೆರಡು ವಾರದಲ್ಲೇ ಸಮೀಕ್ಷೆ ನಡೆಸಿತು. ಈ ಸೋರಿಕೆಯಿಂದ ಸಾರ್ವಜನಿಕ ಹಿತ ಸಾಧನೆಯಾಗಿದೆ ಎಂದವರು ಶೇ 49, ಹಾನಿಯಾಗಿದೆ ಎಂದವರು ಶೇ 44. ಸೋರಿಕೆ ಮಾಡಿದವನ ಮೇಲೆ ಮೊಕದ್ದಮೆ ಹೂಡಬೇಕೇ ಎಂದು ಅದೇ ಜನರನ್ನು ಕೇಳಿದಾಗ ಶೇ 54 ಮಂದಿ ಹೂಡಬೇಕೆಂದರು, ಶೇ 38 ಮಂದಿ ಬೇಡವೆಂದರು. 2014ರ ಜನವರಿಯ ಹೊತ್ತಿಗೆ ಹಿತವೆಂದವರು ಶೇ 45, ಹಾನಿಯೆಂದವರು ಶೇ 43. ಮೊಕದ್ದಮೆ ಬೇಕೆಂದವರು ಶೇ 56ಕ್ಕೆ ಏರಿದ್ದರು. ಗಮನಿಸಬೇಕಾದದ್ದು ಇನ್ನೊಂದಿದೆ. ಅದೇ ಅವಧಿಯಲ್ಲಿ ಎನ್‌ಎಸ್‌ಎಯ ಕಾರ್ಯಕ್ರಮವನ್ನು ಒಪ್ಪುವವರ ಪ್ರಮಾಣ ಶೇ 50ರಿಂದ 40ಕ್ಕೆ ಕುಸಿದಿತ್ತು. ಜನ ಕಣ್ಗಾವಲಿನ ವಿರುದ್ಧ ಹೆಚ್ಚು ಹೆಚ್ಚು ತಿರುಗುತ್ತಿದ್ದರು, ಆದರೆ ಆ ಅಸಮಾಧಾನ ಸ್ನೋಡೆನ್ ಪರವಾದ ಅನುಕಂಪವಾಗಿ ಬದಲಾಗಲಿಲ್ಲ.

2013ರ ಜುಲೈನಲ್ಲಿ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಸಮೀಕ್ಷೆ ಪ್ರಶ್ನೆಯನ್ನು ಬೇರೆ ರೀತಿ ಇಟ್ಟಿತ್ತು: ಸ್ನೋಡೆನ್ ವಿಸಲ್‌ಬ್ಲೋವರೋ (ಒಳಗಿದ್ದುಕೊಂಡು ಅಕ್ರಮ ಬಯಲಿಗೆಳೆದವನೋ), ದ್ರೋಹಿಯೋ? ವಿಸಲ್‌ಬ್ಲೋವರ್ ಎಂದವರು ಶೇ 55, ದ್ರೋಹಿ ಎಂದವರು ಶೇ 34. ಮೊಕದ್ದಮೆ ಬೇಕೆನ್ನುವ ಬಹುಮತ ಒಂದು ಕಡೆ, ದ್ರೋಹಿಯಲ್ಲ ಎನ್ನುವ ಬಹುಮತ ಇನ್ನೊಂದು ಕಡೆ. ಇವು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಒಳ್ಳೆಯ ಉದ್ದೇಶದಿಂದ ನಿಯಮ ಮುರಿದವನೂ ಅದರ ಫಲ ಅನುಭವಿಸಬೇಕು ಎಂಬುದು ಸಾಮಾನ್ಯ ಜನರ ನ್ಯಾಯಪ್ರಜ್ಞೆಗೆ ಹೊಸದೇನಲ್ಲ. ಒಬಾಮಾ ಸರ್ಕಾರದಲ್ಲಿ ಅಟಾರ್ನಿ ಜನರಲ್ ಆಗಿದ್ದಾಗ ಇದೇ ಮೊಕದ್ದಮೆ ಹೂಡಿಸಿದ ಎರಿಕ್ ಹೋಲ್ಡರ್ ಅವರೇ 2016ರಲ್ಲಿ, ಸ್ನೋಡೆನ್ ಚರ್ಚೆ ಹುಟ್ಟುಹಾಕಿದ್ದು ಸಾರ್ವಜನಿಕ ಸೇವೆಯೇ ಹೌದು, ಆದರೆ ಶಿಕ್ಷೆಯಾಗಬೇಕು ಎಂಬರ್ಥದ ಮಾತಾಡಿದರು.

ಇಲ್ಲಿ ಭಾಷೆಯ ಪಾತ್ರವೂ ಇದೆ. ವಿಸಲ್‌ಬ್ಲೋವರ್ ಎಂಬುದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಪದ ಇನ್ನೂ ಹುಟ್ಟಿಲ್ಲ. 'ಅಕ್ರಮ ಬಯಲಿಗೆಳೆದವರು' ಎಂದು ಬಿಡಿಸಿ ಬರೆಯಬೇಕಾಗುತ್ತದೆ. ಆದರೆ ಚಾಡಿಕೋರ, ಮನೆಮುರುಕ, ಉಂಡ ಮನೆಯ ಜಂತೆ ಎಣಿಸುವವನು ಎಂಬ ಮಾತುಗಳು ನಾಲಿಗೆಯ ತುದಿಯಲ್ಲೇ ಇವೆ. ಇಂಗ್ಲಿಷಿನಲ್ಲೂ ಈ ತಕ್ಕಡಿ ಸಮವಾಗಿಲ್ಲ. 'ಸೋರಿಕೆ ಮಾಡಿದವನು' ಎಂದು ಕೇಳಿದರೆ ಬರುವ ಉತ್ತರ ಬೇರೆ, 'ವಿಸಲ್‌ಬ್ಲೋವರ್' ಎಂದು ಕೇಳಿದರೆ ಬರುವುದೇ ಬೇರೆ.

ಕುರ್ಚಿ ಬದಲಾದರೆ ಮನಸ್ಸೂ ಬದಲು

ಭಯೋತ್ಪಾದಕರ ಪತ್ತೆಗಾಗಿ ಎನ್‌ಎಸ್‌ಎ ನಡೆಸುವ ಕಣ್ಗಾವಲು ಒಪ್ಪಿಗೆಯೇ ಎಂಬ ಪ್ರಶ್ನೆಗೆ 2006ರಲ್ಲಿ, ಬುಷ್ ಅಧ್ಯಕ್ಷರಾಗಿದ್ದಾಗ, ರಿಪಬ್ಲಿಕನ್ನರಲ್ಲಿ ಶೇ 75 ಮಂದಿ ಹೌದೆಂದಿದ್ದರು, ಡೆಮಾಕ್ರಾಟರಲ್ಲಿ ಶೇ 37 ಮಂದಿ ಮಾತ್ರ. 2013ರ ಜೂನ್‌ನಲ್ಲಿ, ಒಬಾಮಾ ಅಧ್ಯಕ್ಷರಾಗಿದ್ದಾಗ, ರಿಪಬ್ಲಿಕನ್ನರ ಒಪ್ಪಿಗೆ ಶೇ 52ಕ್ಕೆ ಇಳಿದು, ಡೆಮಾಕ್ರಾಟರದು ಶೇ 64ಕ್ಕೆ ಏರಿತ್ತು. ಎರಡು ಸಲದ ಪ್ರಶ್ನೆಗಳ ವಾಕ್ಯರಚನೆ ಪೂರ್ತಿ ಒಂದೇ ಅಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇಷ್ಟು ದೊಡ್ಡ ಅದಲುಬದಲಿಗೆ ಅದೊಂದೇ ಕಾರಣವಾಗಲಾರದು. ನಮ್ಮವರು ಕುರ್ಚಿಯಲ್ಲಿದ್ದಾಗ ಕಣ್ಗಾವಲು ರಕ್ಷಣೆಯಂತೆ ಕಾಣುತ್ತದೆ, ಎದುರಾಳಿ ಕುಳಿತಾಗ ಅದೇ ಯಂತ್ರ ದಬ್ಬಾಳಿಕೆಯ ಸಾಧನವಾಗಿಬಿಡುತ್ತದೆ.

ಸ್ನೋಡೆನ್ ಕುರಿತ ನಿಲುವು ವಯಸ್ಸಿನ ಜೊತೆಗೂ ಬದಲಾಗುತ್ತಿತ್ತು. 18ರಿಂದ 29ರ ವಯೋಮಾನದವರಲ್ಲಿ ಶೇ 57 ಮಂದಿ ಸೋರಿಕೆಯಿಂದ ಒಳಿತಾಯಿತು ಎಂದರು. ಮೊಕದ್ದಮೆಯ ವಿಷಯದಲ್ಲಿ ಆ ಗುಂಪು ಶೇ 42ಕ್ಕೆ 42ರಂತೆ ಸರಿಯಾಗಿ ಇಬ್ಭಾಗವಾಗಿತ್ತು. ಅಂತರ್ಜಾಲದಲ್ಲೇ ಬೆಳೆದವರಿಗೆ ಕಣ್ಗಾವಲು ತಮ್ಮ ಅಂಗಳದ್ದೇ ಸಂಗತಿಯಾಗಿ ಕಂಡಿರಬೇಕು.

"ಇಲ್ಲ, ಸರ್"

ಸ್ನೋಡೆನ್ ವಿರೋಧಿಗಳ ಮುಖ್ಯ ವಾದ ಒಂದಿದೆ. ಆತನಿಗೆ ಆಕ್ಷೇಪವಿದ್ದರೆ ಮೇಲಧಿಕಾರಿಗಳಿಗೋ, ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್‌ಗೋ, ಸಂಸತ್ತಿನ ಗುಪ್ತಚರ ಸಮಿತಿಗೋ ದೂರು ಕೊಡಬಹುದಿತ್ತು. ಕಾಗದದ ಮೇಲೆ ಈ ದಾರಿ ಇದೆ. ಅದು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಎರಡು ಘಟನೆಗಳು ಸಾಕು.

ಮೊದಲನೆಯದು 2013ರ ಮಾರ್ಚ್ 12ರದು, ಸ್ನೋಡೆನ್ ಹವಾಯಿ ಬಿಡುವ ಎರಡು ತಿಂಗಳ ಹಿಂದಿನದು. ಲಕ್ಷಾಂತರ ಅಥವಾ ಕೋಟ್ಯಂತರ ಅಮೆರಿಕನ್ನರ ಬಗ್ಗೆ ಎನ್‌ಎಸ್‌ಎ ಯಾವುದಾದರೂ ಬಗೆಯ ಮಾಹಿತಿ ಸಂಗ್ರಹಿಸುತ್ತಿದೆಯೇ ಎಂದು ಸೆನೆಟರ್ ರಾನ್ ವೈಡನ್ ಬಹಿರಂಗ ವಿಚಾರಣೆಯಲ್ಲಿ ಕೇಳಿದರು. ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲಾಪರ್ ಹಣೆ ಸವರಿಕೊಳ್ಳುತ್ತ, "ಇಲ್ಲ, ಸರ್" ಎಂದರು. ಬೇಕೆಂದೇ ಮಾಡುತ್ತಿಲ್ಲ ಎಂದೂ ಸೇರಿಸಿದರು. ಉತ್ತರ ಸುಳ್ಳೆಂದು ವೈಡನ್‌ಗೆ ಗೊತ್ತಿತ್ತು, ಏಕೆಂದರೆ ಸಮಿತಿಯ ಸದಸ್ಯರಾಗಿ ಅವರು ಆ ರಹಸ್ಯವನ್ನು ಮೊದಲೇ ಬಲ್ಲವರಾಗಿದ್ದರು. ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಅಷ್ಟೆ. ಮೇಲ್ವಿಚಾರಣೆ ಮಾಡಬೇಕಾದ ಸೆನೆಟರ್‌ಗೇ ಬಾಯಿ ಕಟ್ಟಿರುವಾಗ, ಗುತ್ತಿಗೆ ಕಂಪನಿಯ ನೌಕರನ ದೂರಿನಿಂದ ಏನಾಗುತ್ತಿತ್ತು? ಕ್ಲಾಪರ್ ಮೇಲೆ ಯಾವ ಮೊಕದ್ದಮೆಯೂ ನಡೆಯಲಿಲ್ಲ.

ಎರಡನೆಯದು ಥಾಮಸ್ ಡ್ರೇಕ್ ಪ್ರಕರಣ. ಎನ್‌ಎಸ್‌ಎಯ ಹಿರಿಯ ಅಧಿಕಾರಿಯಾಗಿದ್ದ ಡ್ರೇಕ್, ದುಂದುವೆಚ್ಚದ ಯೋಜನೆ ಮತ್ತು ಅಕ್ರಮ ಕಣ್ಗಾವಲಿನ ವಿಷಯವನ್ನು ಮೇಲಧಿಕಾರಿಗಳಿಗೆ ತಿಳಿಸಿದರು, ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಮುಂದೆ ಹೇಳಿಕೆ ಕೊಟ್ಟರು, ಫಲ ಕಾಣದಾದಾಗ ಪತ್ರಕರ್ತರೊಬ್ಬರೊಡನೆ ಮಾತಾಡಿದರು. 2010ರಲ್ಲಿ ಅವರ ಮೇಲೆ ಹತ್ತು ಆರೋಪಗಳು ಬಿದ್ದವು, ಅವುಗಳಲ್ಲಿ ಬೇಹುಗಾರಿಕೆ ಕಾಯ್ದೆಯಡಿಯ ಆರೋಪಗಳೂ ಇದ್ದವು. 2011ರಲ್ಲಿ ಮೊಕದ್ದಮೆ ಕುಸಿದು, ಕಂಪ್ಯೂಟರ್ ಬಳಕೆಗೆ ಸಂಬಂಧಿಸಿದ ಒಂದು ಸಣ್ಣ ಅಪರಾಧಕ್ಕೆ ಒಂದು ವರ್ಷದ ಪ್ರೊಬೇಷನ್ ಆಯಿತು. ಅಷ್ಟರಲ್ಲಿ ನೌಕರಿ ಹೋಗಿತ್ತು. ರಹಸ್ಯ ಸಂಸ್ಥೆಯ ಹಿರಿಯ ಅಧಿಕಾರಿ ಆ್ಯಪಲ್ ಮಳಿಗೆಯಲ್ಲಿ ಗ್ರಾಹಕರನ್ನು ವಿಚಾರಿಸಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಡ್ರೇಕ್‌ಗೆ ಆದದ್ದನ್ನು ನೋಡಿಯೇ ತಾನು ಬೇರೆ ದಾರಿ ಹಿಡಿದೆ ಎಂದು ಸ್ನೋಡೆನ್ ಹೇಳಿಕೊಂಡಿದ್ದಾನೆ. 2012ರ ಅಕ್ಟೋಬರ್‌ನಲ್ಲಿ ಒಬಾಮಾ ಹೊರಡಿಸಿದ ರಕ್ಷಣಾ ಆದೇಶ ಗುತ್ತಿಗೆ ನೌಕರರಿಗೆ ಸ್ಪಷ್ಟ ರಕ್ಷಣೆ ಕೊಟ್ಟಿರಲಿಲ್ಲ ಎಂಬುದೂ ಇಲ್ಲಿ ನೆನಪಿರಬೇಕು.

ಸರ್ಕಾರದ ಪಕ್ಷವೂ ಹಗುರವಲ್ಲ

ಇಷ್ಟೇ ಹೇಳಿದರೆ ಚಿತ್ರ ಅರ್ಧವಾಗುತ್ತದೆ. ಜನಪ್ರತಿನಿಧಿ ಸಭೆಯ ಗುಪ್ತಚರ ಸಮಿತಿ 2016ರ ವರದಿಯಲ್ಲಿ, ಸ್ನೋಡೆನ್ ಸುಮಾರು 15 ಲಕ್ಷ ದಾಖಲೆಗಳನ್ನು ಕೊಂಡೊಯ್ದನೆಂದೂ, ಅವುಗಳಲ್ಲಿ ಹೆಚ್ಚಿನವಕ್ಕೂ ಅಮೆರಿಕನ್ನರ ಖಾಸಗಿತನಕ್ಕೂ ಸಂಬಂಧವಿಲ್ಲವೆಂದೂ ಹೇಳಿತು. ಈ ಸಂಖ್ಯೆಯನ್ನು ಆತ ಒಪ್ಪುವುದಿಲ್ಲ. ಆದರೆ ಆತ ಹೊರತಂದದ್ದರಲ್ಲಿ ವಿದೇಶಗಳ ಮೇಲಿನ ಸಾಮಾನ್ಯ ಬೇಹುಗಾರಿಕೆಯ ವಿವರಗಳೂ ಇದ್ದವೆಂಬುದರಲ್ಲಿ ವಿವಾದವಿಲ್ಲ. ಯಾವ ದೇಶದ ಬೇಹುಗಾರಿಕೆ ಸಂಸ್ಥೆಯೂ ಮಾಡುವ ಆ ಕೆಲಸವನ್ನು ಅಮೆರಿಕದ ಯಾವ ನ್ಯಾಯಾಲಯವೂ ಅಕ್ರಮವೆಂದಿಲ್ಲ. ರಹಸ್ಯ ಕಡತ ಕೈಗೆ ಸಿಕ್ಕ ಪ್ರತಿಯೊಬ್ಬ ನೌಕರನೂ ತನ್ನ ಆತ್ಮಸಾಕ್ಷಿಯನ್ನೇ ಕಾನೂನೆಂದು ತಿಳಿದರೆ ರಹಸ್ಯವೆಂಬುದೇ ಉಳಿಯುವುದಿಲ್ಲ ಎಂಬ ವಾದಕ್ಕೆ ಬಲವಿದೆ. ಅಕ್ರಮ ಕಾರ್ಯಕ್ರಮದ ಕಡತವನ್ನಷ್ಟೇ ಹೊರತಂದಿದ್ದರೆ ಆತನ ನೈತಿಕ ನೆಲೆ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

ಆಮೇಲೆ ಮಾಸ್ಕೋ. ಹಾಂಗ್‌ಕಾಂಗ್‌ನಿಂದ ಹೊರಟ ಆತ ಲ್ಯಾಟಿನ್ ಅಮೆರಿಕಕ್ಕೆ ಹೋಗುವವನಿದ್ದ. ಅಮೆರಿಕ ಪಾಸ್‌ಪೋರ್ಟ್ ರದ್ದು ಮಾಡಿದ್ದರಿಂದ ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲೇ ಒಂದು ತಿಂಗಳಿಗೂ ಮೇಲೆ ಉಳಿದು, 2013ರ ಆಗಸ್ಟ್ 1ರಂದು ರಷ್ಯಾದ ತಾತ್ಕಾಲಿಕ ಆಶ್ರಯ ಪಡೆದ. ಅಲ್ಲಿ ಸಿಕ್ಕಿಬೀಳಿಸಿದ್ದು ಅಮೆರಿಕವೇ ಎಂಬುದು ಬೆಂಬಲಿಗರ ಮಾತು. ಕಾರಣ ಏನೇ ಇರಲಿ, ಪರಿಣಾಮ ಒಂದೇ. ಉಕ್ರೇನ್ ಯುದ್ಧ ನಡೆಯುತ್ತಿದ್ದ 2022ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಸಹಿಯಿಂದ ರಷ್ಯಾದ ಪೌರತ್ವ ಸಿಕ್ಕಾಗ, ಆತನ ಬಗ್ಗೆ ಮೃದುವಾಗಿದ್ದ ಅಮೆರಿಕನ್ನರಿಗೂ ಅವನನ್ನು ಸಮರ್ಥಿಸುವುದು ಕಷ್ಟವಾಯಿತು.

ನ್ಯಾಯಾಲಯ ಕೇಳಿಸಿಕೊಳ್ಳದ ಮಾತು

ಎಲ್ಲಕ್ಕಿಂತ ಗಂಟಾಗಿರುವುದು ಇಲ್ಲಿ. ಆತನ ಮೇಲಿನ ಮೂರು ಆರೋಪಗಳಲ್ಲಿ ಎರಡು 1917ರ ಬೇಹುಗಾರಿಕೆ ಕಾಯ್ದೆಯಡಿಯವು. ಮೊದಲ ಮಹಾಯುದ್ಧದ ಕಾಲದ ಈ ಕಾಯ್ದೆ, ಶತ್ರುವಿಗೆ ರಹಸ್ಯ ಮಾರಿದವನಿಗೂ ಪತ್ರಿಕೆಗೆ ದಾಖಲೆ ಕೊಟ್ಟವನಿಗೂ ವ್ಯತ್ಯಾಸ ಕಾಣುವುದಿಲ್ಲ. "ನಾನು ಕೊಟ್ಟೆ, ಆದರೆ ಕೊಟ್ಟದ್ದು ಸಾರ್ವಜನಿಕ ಹಿತಕ್ಕಾಗಿ" ಎಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ವಿಯೆಟ್ನಾಂ ಯುದ್ಧದ ರಹಸ್ಯ ಇತಿಹಾಸವನ್ನು 1971ರಲ್ಲಿ ಪತ್ರಿಕೆಗಳಿಗೆ ಕೊಟ್ಟ ಡೇನಿಯಲ್ ಎಲ್ಸ್‌ಬರ್ಗ್ ಅವರನ್ನು, ದಾಖಲೆ ನಕಲು ಮಾಡಿದ್ದೇಕೆ ಎಂದು ಅವರ ವಕೀಲರೇ ಕೇಳಿದಾಗ ನ್ಯಾಯಾಧೀಶರು ಉತ್ತರಿಸಗೊಡಲಿಲ್ಲ. 1973ರಲ್ಲಿ ಅವರು ಬಿಡುಗಡೆಯಾದದ್ದು ಅವರ ಉದ್ದೇಶ ಒಳ್ಳೆಯದೆಂದಲ್ಲ, ಸರ್ಕಾರವೇ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿಸಿ ಮೊಕದ್ದಮೆಯನ್ನು ಕೆಡಿಸಿಕೊಂಡಿತ್ತೆಂದು.

ಅಂದರೆ 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ನ್ಯಾಯಾಲಯ ಫೋನ್ ಕರೆಗಳ ಸಾರಾಸಗಟು ಸಂಗ್ರಹಕ್ಕೆ ಕಾನೂನಿನ ಅನುಮತಿ ಇರಲಿಲ್ಲ ಎಂದದ್ದು, ಮರುತಿಂಗಳೇ ಸಂಸತ್ತು ಕಾಯ್ದೆ ತಿದ್ದಿ ಅದನ್ನು ನಿಲ್ಲಿಸಿದ್ದು, 2020ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯವೂ ಅದನ್ನು ಅಕ್ರಮವೆಂದದ್ದು, ಇವುಗಳಲ್ಲಿ ಒಂದೂ ಆತನ ವಿಚಾರಣೆಯಲ್ಲಿ ನೆರವಿಗೆ ಬರುವುದಿಲ್ಲ. ಏಕೆ ಮಾಡಿದೆ ಎಂಬುದನ್ನು ಜ್ಯೂರಿಯ ಮುಂದೆ ಹೇಳಲು ಬಿಡುವುದಾದರೆ ಮರಳುತ್ತೇನೆಂದು ಆತ ಹೇಳುತ್ತ ಬಂದಿದ್ದಾನೆ. ಸರ್ಕಾರ ಆ ಭರವಸೆ ಕೊಡುವುದಿಲ್ಲ.

ಇದರಿಂದಾದ ಪರಿಣಾಮವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ನ್ಯಾಯಾಲಯ ಉದ್ದೇಶವನ್ನು ತೂಗದಿರುವುದರಿಂದ ತೂಗುವ ಕೆಲಸ ಸಾರ್ವಜನಿಕ ಅಭಿಪ್ರಾಯದ ಪಾಲಿಗೆ ಬಂತು. ಅಲ್ಲಿಂದ ಹೊರಬೀಳಲು ಇರುವ ದಾರಿ ಅಧ್ಯಕ್ಷರ ಕ್ಷಮಾದಾನವೊಂದೇ. ಕ್ಷಮಾದಾನ ರಾಜಕೀಯ ನಿರ್ಧಾರವಾದ್ದರಿಂದ ಆತನ ಹೆಸರು ಪಕ್ಷನಿಷ್ಠೆಯ ಪರೀಕ್ಷೆಯಾಯಿತು. ಗಬ್ಬಾರ್ಡ್ ಎದುರು ಸೆನೆಟರುಗಳು ಹೌದು-ಅಲ್ಲ ಎಂಬ ಉತ್ತರಕ್ಕೆ ಪಟ್ಟು ಹಿಡಿದದ್ದು ಈ ಸರಪಳಿಯ ಕೊನೆಯ ಕೊಂಡಿ.

ನಮ್ಮ ಕಡೆಯ ನೋಟ

2013ರಲ್ಲಿ ಸ್ನೋಡೆನ್ ಆಶ್ರಯ ಕೋರಿದ ದೇಶಗಳಲ್ಲಿ ಭಾರತವೂ ಇತ್ತು. ಕೋರಿಕೆ ಒಪ್ಪಲು ಕಾರಣ ಕಾಣುವುದಿಲ್ಲವೆಂದು ವಿದೇಶಾಂಗ ಸಚಿವಾಲಯ ತಳ್ಳಿಹಾಕಿತು. ಆಗಿನ ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್, ಇದು ಕರೆಗಳ ವಿನ್ಯಾಸದ ಕಂಪ್ಯೂಟರ್ ವಿಶ್ಲೇಷಣೆಯೇ ಹೊರತು ನಿಜವಾದ ಬೇಹುಗಾರಿಕೆಯಲ್ಲ ಎಂದು ಅಮೆರಿಕದ ಪರವಾಗಿಯೇ ಮಾತಾಡಿದರು. ಐದನೆಯ ಸ್ಥಾನದಲ್ಲಿದ್ದ ದೇಶದ ಪ್ರತಿಕ್ರಿಯೆ ಅದು.

ಕರ್ನಾಟಕಕ್ಕೆ ಕದ್ದಾಲಿಕೆ ಅಪರಿಚಿತವೇನಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಬೆನ್ನಿಗೇ. ಅಲ್ಲಿ ಜನರ ಕಣ್ಣಿಗೆ ಬಿದ್ದದ್ದು ಹೆಸರು, ಮುಖ ಇರುವ ರಾಜಕಾರಣಿಗಳು. ಬಲಿಪಶು ಯಾರೆಂದು ಗೊತ್ತಿದ್ದರೆ ಕೋಪ ಬೇಗ ಬರುತ್ತದೆ. ಎಲ್ಲರ ಮೇಲೂ ಸಮನಾಗಿ ಬಿದ್ದ ಕಣ್ಗಾವಲಿಗೆ ಬಲಿಪಶುವಿನ ಮುಖವಿಲ್ಲ, ಆದ್ದರಿಂದ ಎಲ್ಲರ ಕಣ್ಣೂ ಅದನ್ನು ಹೊರತಂದವನ ಮುಖದ ಮೇಲೆ ನೆಡುತ್ತದೆ. ಸ್ನೋಡೆನ್ ವಿಷಯದಲ್ಲಿ ಆದದ್ದು ಇದೇ ಎಂದು ತೋರುತ್ತದೆ.

ಕಾನೂನಿನ ಮಟ್ಟಿಗೆ ನಮ್ಮ ಸ್ಥಿತಿ ಅಮೆರಿಕಕ್ಕಿಂತ ಬಡವಾಗಿದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಜಾರಿಯಲ್ಲಿದೆ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು ಮಾಡಿದ ಕಾಯ್ದೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದೂ ಜಾರಿಯ ಅಧಿಸೂಚನೆಗಾಗಿ ಕಾದು ಕುಳಿತಿದೆ.

ಮುಂದೆ ಏನಾಗಬಹುದು?

ಕಣ್ಗಾವಲಿನ ಚರ್ಚೆ ಸ್ನೋಡೆನ್‌ನನ್ನು ದಾಟಿ ಮುಂದೆ ಹೋಗಿದೆ. 702ನೇ ಸೆಕ್ಷನ್ನಿನ ಅಡಿ ಸಿಕ್ಕ ಅಮೆರಿಕನ್ನರ ಸಂದೇಶಗಳನ್ನು ಹುಡುಕಲು ವಾರಂಟ್ ಕಡ್ಡಾಯಗೊಳಿಸುವ ತಿದ್ದುಪಡಿ 2024ರ ಏಪ್ರಿಲ್‌ನಲ್ಲಿ ಜನಪ್ರತಿನಿಧಿ ಸಭೆಯಲ್ಲಿ 212–212ರ ಸಮಬಲದಿಂದ ಬಿದ್ದುಹೋಯಿತು. ಎಡಪಂಥೀಯ ಡೆಮಾಕ್ರಾಟರೂ ಬಲಪಂಥೀಯ ರಿಪಬ್ಲಿಕನ್ನರೂ ಒಂದೇ ಕಡೆ ಮತ ಹಾಕಿದ್ದರು. ಸೆಕ್ಷನ್ನನ್ನು ಎರಡು ವರ್ಷಕ್ಕಷ್ಟೇ ವಿಸ್ತರಿಸಲಾಯಿತು. ಕಾನೂನು ಹೀಗೆ ನಿಧಾನವಾಗಿ ತಿದ್ದಿಕೊಳ್ಳುತ್ತ ಹೋಗುವುದು, ತಿದ್ದುವಂತೆ ಮಾಡಿದವರಿಗೆ ಮಾತ್ರ ರಕ್ಷಣೆ ಸಿಗದಿರುವುದು, ಹೆಚ್ಚು ಸಂಭಾವ್ಯವಾದ ದಾರಿ ಇದೇ. ಮುಂದೊಬ್ಬ ಒಳಗಿನವನು ಅಕ್ರಮ ಕಂಡಾಗ ಅವನ ಮುಂದಿರುವ ಮಾದರಿಗಳು ಎರಡು: ಒಳದಾರಿ ಹಿಡಿದು ನೌಕರಿ ಕಳೆದುಕೊಂಡ ಡ್ರೇಕ್, ಹೊರದಾರಿ ಹಿಡಿದು ದೇಶ ಕಳೆದುಕೊಂಡ ಸ್ನೋಡೆನ್.

ಇಷ್ಟೆಲ್ಲಕ್ಕೆ ಮೂಲವಾದ ಫೋನ್ ಕರೆಗಳ ಸಂಗ್ರಹದ ಗತಿಯನ್ನೂ ಹೇಳಿಬಿಡಬೇಕು. 2015ರ ತಿದ್ದುಪಡಿಯ ನಂತರ ಅದು ಕಿರಿದಾದ ರೂಪದಲ್ಲಿ ಮುಂದುವರಿಯಿತು. ಆ ರೂಪಕ್ಕೆ ನಾಲ್ಕು ವರ್ಷಗಳಲ್ಲಿ 10 ಕೋಟಿ ಡಾಲರ್ ಖರ್ಚಾಗಿ, ಬೇರೆಲ್ಲೂ ಸಿಗದ ಮಾಹಿತಿ ದೊರೆತದ್ದು ಎರಡೇ ಸಲ ಎಂದು ಸರ್ಕಾರದ್ದೇ ಖಾಸಗಿತನ ಮೇಲ್ವಿಚಾರಣಾ ಮಂಡಳಿ 2020ರಲ್ಲಿ ವರದಿ ಮಾಡಿತು. ಅಷ್ಟರಲ್ಲಿ ಎನ್‌ಎಸ್‌ಎ ಅದನ್ನು ತಾನಾಗಿಯೇ ನಿಲ್ಲಿಸಿತ್ತು, ಅದೇ ವರ್ಷದ ಮಾರ್ಚ್‌ನಲ್ಲಿ ಅದರ ಕಾನೂನುಬಲವೂ ತೀರಿಹೋಯಿತು. ಅದನ್ನು ಬಯಲು ಮಾಡಿದವನ ಮೇಲೆ 2013ರ ಜೂನ್ 14ರಂದು ವರ್ಜೀನಿಯಾದ ನ್ಯಾಯಾಲಯದಲ್ಲಿ ದಾಖಲಾದ ದೂರು ಮಾತ್ರ ಹಾಗೆಯೇ ಉಳಿದಿದೆ.